ಯುದ್ಧದೂರಿನ ಕೂಸುಗಳಿಗೆ ಕೊಡೂ ರೊಕ್ಕ: ಯಾರ ಕೈಯಾಗ ಇಡೂಣು?

ಗದಗ-ಬೆಟಗೇರಿಯ ಒಂದು ಸ್ತ್ರೀಶಕ್ತಿ ಸಂಘದ ಅಕ್ಕಾರು ಕಳೆದ ತಿಂಗಳು ಫೋನ್ ಮಾಡಿದ್ದರು. ‘18 ಸಾವಿರ ಕೂಡೇತ್ರಿ. ಟಿವ್ಯಾಗ ಆ ಕೂಸುಗಳನ್ನ ನೋಡಿ ತಡಕೊಳ್ಳಾಕ ಆಗವಲ್ದು. ಎಲ್ಲಿ ಕೊಡೂಣು, ನೀವ ಹೇಳ್ರಿ.’ ಅದೇ ವಾರ ಗೋಕುಲ ರೋಡಿನ ಒಂದು ಕಂಪನಿಗೆ ಹೊಸದಾಗಿ ಸೇರಿದ ಹುಡುಗ ಕೇಳಿದ: ತಿಂಗಳಿಗೆ 500 ರೂಪಾಯಿ ತಾನೇ ಕಟ್ ಆಗುವ ಹಂಗ ಮಾಡ್ತೀನಿ, ಯುನಿಸೆಫ್ ಛಲೋನೋ, ಕಾಶ್ಮೀರದ ಸಣ್ಣ ಸಂಸ್ಥೆ ಛಲೋನೋ? ಹುಬ್ಬಳ್ಳಿ ಜವಳಿ ಸಾಲಿನ ವ್ಯಾಪಾರಿಯೊಬ್ಬರ ಹತ್ತಿರ ಎರಡು ಗಂಟು ಬಟ್ಟೆ ಇದ್ದವು, ಮಣಿಪುರಕ್ಕ ಕಳಿಸಬೇಕು ಅಂತ ಅವರ ಮನಸ್ಸು. ಹಾವೇರಿ ಕಡೆಯ ಒಬ್ಬ ಟೀಚರ್‌ಗೆ ಶಾಲೆಯ ಮಕ್ಕಳ ಕೈಯಿಂದಲೇ ಏನಾದರೂ ಮಾಡಿಸಬೇಕಾಗಿತ್ತು.

ಆಡಿಟರ್ ಆಫೀಸಿನಲ್ಲಿ ಕೂತು ಟ್ರಸ್ಟುಗಳ ಲೆಕ್ಕ ಬರೆಯುವುದು ನನ್ನ ಕೆಲಸ. ಹಾಗಾಗಿ ಇಂಥ ಪ್ರಶ್ನೆ ನನ್ನ ಮೇಜಿಗೆ ಬರುವುದು ಹೊಸದಲ್ಲ. ಆದರೆ ‘ಅದೆಲ್ಲ ದೂರದ ಮಾತು’ ಅನ್ನುವವರು ಈಗ ಕಡಿಮೆಯಾಗಿದ್ದಾರೆ. 2022ರ ಮಾರ್ಚ್ 1ರಂದು ಖಾರ್ಕಿವ್‌ನಲ್ಲಿ ಶೆಲ್ ದಾಳಿಗೆ ಸತ್ತ ವೈದ್ಯಕೀಯ ವಿದ್ಯಾರ್ಥಿ ನಮ್ಮ ರಾಣೆಬೆನ್ನೂರು ತಾಲ್ಲೂಕಿನ ಚಳಗೇರಿಯ ಹುಡುಗ. ಮೂರು ವಾರ ಕಾದು ಬಂದ ಮಗನ ದೇಹವನ್ನು ಮನೆಯವರು ದಾವಣಗೆರೆಯ ವೈದ್ಯಕೀಯ ಕಾಲೇಜಿಗೆ ದಾನ ಕೊಟ್ಟರು. ಮರುವರ್ಷ ಏಪ್ರಿಲ್‌ನಲ್ಲಿ ಸುಡಾನಿನಲ್ಲಿ ಕಾಳಗ ಶುರುವಾದಾಗ ಅಲ್ಲಿ ಸಿಕ್ಕಿಬಿದ್ದವರಲ್ಲಿ ಕರ್ನಾಟಕದ ಹಕ್ಕಿಪಿಕ್ಕಿ ಕುಟುಂಬಗಳೂ ಇದ್ದವು. ‘ಆಪರೇಷನ್ ಕಾವೇರಿ’ಯಲ್ಲಿ ಅವರನ್ನು ಕರೆತಂದರು. ನಮ್ಮವರು ಹೊರಬಂದರು. ಅಲ್ಲಿಯವರು ಅಲ್ಲೇ ಇದ್ದಾರೆ, ಮನೆ ಬಿಟ್ಟು ಓಡಿದವರೇ ಕೋಟಿಗೂ ಮೇಲೆ.

ಮೊದಲು ಅಳತೆಗೋಲು

ಸಂಸ್ಥೆಯ ಹೆಸರು ಹಿಡಿದು ಹೋಲಿಸಲು ಕೂತರೆ ಬಗೆಹರಿಯುವುದಿಲ್ಲ. ಎಲ್ಲರ ಪುಟದಲ್ಲೂ ನಗುವ ಮಗುವಿನ ಫೋಟೋ ಇರುತ್ತದೆ. ನಾನು ನೋಡುವುದು ಬೇರೆ.

ಅಗತ್ಯ ಎಷ್ಟು ದಿನದ್ದು ಎಂಬುದು ಮೊದಲನೆಯ ಪ್ರಶ್ನೆ. ಹಸಿವಿಗೆ ಇವತ್ತೇ ರೊಕ್ಕ ಬೇಕು. ಅಪ್ಪ-ಅವ್ವನನ್ನು ಕಳಕೊಂಡ ಮಗುವಿನ ಓದಿಗೆ ಹನ್ನೆರಡು ವರ್ಷ ಬೇಕು. ಒಮ್ಮೆ ಕೊಟ್ಟು ಮರೆಯುವವರು ಎರಡನೆಯದಕ್ಕೆ ಕೈಹಾಕಬಾರದು. ಎರಡನೆಯ ಪ್ರಶ್ನೆ, ನೀವು ಕೊಟ್ಟ ದುಡ್ಡಿಗೆ ಎಷ್ಟು ಹಗ್ಗ ಕಟ್ಟುತ್ತೀರಿ? ‘ಇದೇ ಊರಿಗೆ, ಇದೇ ಮಗುವಿಗೆ, ಇದೇ ಸಾಮಾನಿಗೆ’ ಎಂದಷ್ಟೂ ನಿಮಗೆ ಸಮಾಧಾನ ಹೆಚ್ಚು, ಅಲ್ಲಿಯವರಿಗೆ ಕೈಕಟ್ಟು ಹೆಚ್ಚು. ಈ ಇಡೀ ಹೋಲಿಕೆಯ ಗಂಟು ಇರುವುದೇ ಇಲ್ಲಿ. ಕಾಗದಪತ್ರ ಮೂರನೆಯದು: ನೋಂದಣಿ, ರಸೀದಿ, ವರ್ಷದ ಲೆಕ್ಕ. ಇನ್ನೊಂದನ್ನು ಯಾರೂ ಕೇಳುವುದಿಲ್ಲ, ನಾನು ಕೇಳುತ್ತೇನೆ: ಮಗುವಿನ ಮುಖ, ಹೆಸರು, ಊರು ಮೂರನ್ನೂ ತೋರಿಸಿ ದುಡ್ಡು ಎತ್ತುತ್ತಾರೇನು? ನಮ್ಮ ಮಗಳ ಫೋಟೋ ಹಾಗೆ ಹಾಕಿದರೆ ನಾವು ಒಪ್ಪುತ್ತೇವೋ?

ಆಡಳಿತ ವೆಚ್ಚದ ಶೇಕಡಾವಾರು ನೋಡಿ ಆರಿಸಿರಿ ಎಂದು ಬಹಳ ಜನ ಹೇಳುತ್ತಾರೆ. ಲೆಕ್ಕ ಬರೆಯುವವನಾಗಿ ಹೇಳುತ್ತೇನೆ, ಆ ಒಂದು ಅಂಕಿಯನ್ನು ನಂಬಬೇಡಿ. ಲಾರಿ ಡ್ರೈವರನ ಪಗಾರ ‘ಆಡಳಿತ’ವೋ ‘ಕಾರ್ಯಕ್ರಮ’ವೋ ಎಂಬುದು ಬರೆಯುವವನ ಪೆನ್ನಿನ ಮೇಲಿದೆ. ಗುಂಡು ಹಾರುವ ಊರಿಗೆ ಲಾರಿ ಒಯ್ಯುವವನಿಗೆ ಒಳ್ಳೆಯ ಪಗಾರ ಕೊಡಲೇಬೇಕು.

ದೊಡ್ಡ ಜಾಗತಿಕ ಸಂಸ್ಥೆಗಳು

ಇವೆಲ್ಲ ಯುದ್ಧದ ಹೊಟ್ಟೆಯಲ್ಲೇ ಹುಟ್ಟಿದವು. ಸಾಲ್ಫೆರಿನೋದ ರಣರಂಗ ಕಂಡ ಹೆನ್ರಿ ಡ್ಯುನಾಂಟ್‌ನ ಸಂಕಟದಿಂದ 1863ರಲ್ಲಿ ರೆಡ್‌ಕ್ರಾಸ್. ಮೊದಲ ಮಹಾಯುದ್ಧ ಮುಗಿದರೂ ದಿಗ್ಬಂಧನದಲ್ಲಿ ಹಸಿದಿದ್ದ ಜರ್ಮನಿ, ಆಸ್ಟ್ರಿಯಾದ ಮಕ್ಕಳಿಗಾಗಿ 1919ರಲ್ಲಿ ಲಂಡನ್ನಿನಲ್ಲಿ ಸೇವ್ ದ ಚಿಲ್ಡ್ರನ್. ಎರಡನೆಯದರ ನಂತರ 1946ರಲ್ಲಿ ಯುನಿಸೆಫ್. ವಿಶ್ವ ಆಹಾರ ಕಾರ್ಯಕ್ರಮ 1961ರದು, ಗಡಿಯಿಲ್ಲದ ವೈದ್ಯರ ಸಂಸ್ಥೆ ಎಂಎಸ್ಎಫ್ 1971ರದು.

ಇವರ ಬಲವೇನು ಅಂದರೆ ಅಳತೆ ಮತ್ತು ಪ್ರವೇಶ. ಒಂದು ಉದಾಹರಣೆ ಕೊಟ್ಟರೆ ಅಕ್ಕಾರಿಗೆ ತಟ್ಟನೆ ತಿಳಿಯಿತು. ಸುಡಾನಿನಲ್ಲೋ ಯೆಮೆನ್‌ನಲ್ಲೋ ಆರು ತಿಂಗಳಿಂದ ಐದು ವರ್ಷದೊಳಗಿನ ಮಗುವನ್ನು ಕರೆತಂದಾಗ ಮೊದಲು ತೋಳಿಗೆ ಒಂದು ಬಣ್ಣದ ಪಟ್ಟಿ ಸುತ್ತುತ್ತಾರೆ. ತೋಳಿನ ಸುತ್ತಳತೆ 11.5 ಸೆಂಟಿಮೀಟರಿಗಿಂತ ಕಡಿಮೆ ಬಂದರೆ ಕೆಂಪು. ಅಂದರೆ ತೀವ್ರ ಅಪೌಷ್ಟಿಕತೆ. ನಿಮ್ಮ ಮನೆಯ ಟೇಪಿನಲ್ಲಿ ಹನ್ನೊಂದೂವರೆ ಸೆಂಟಿಮೀಟರ್ ಸುತ್ತು ಮಾಡಿ ಹಿಡಿದು ನೋಡಿರಿ, ಎಷ್ಟು ಸಣ್ಣದು ಅಂತ ಗೊತ್ತಾಗುತ್ತದೆ. ಅಂಥ ಮಗುವಿಗೆ ಬೇರೆ ತೊಡಕಿಲ್ಲದಿದ್ದರೆ ಕೊಡುವುದು ಒಂದು ಪೊಟ್ಟಣ: 92 ಗ್ರಾಂ, 500 ಕ್ಯಾಲರಿ. ಒಳಗಿರುವುದು ಏನು? ಅರೆದ ಶೇಂಗಾ, ಸಕ್ಕರೆ, ಹಾಲಿನ ಪುಡಿ, ಎಣ್ಣೆ, ಜೀವಸತ್ವ, ಖನಿಜ. ‘ಅಯ್ಯ, ಶೇಂಗಾ ಹೋಳಿಗಿ ಹೂರಣಾನ ಆತಲ್ರೀ ಅದು!’ ಅಂದರು ಅಕ್ಕಾರು. ಹೆಚ್ಚೂ ಕಡಿಮೆ ಹೌದು. ನೀರು ಬೇಡ, ಒಲೆ ಬೇಡ, ತುದಿ ಹರಿದು ಮಗುವಿನ ಬಾಯಿಗೆ ಹಿಂಡಿದರಾಯಿತು. ಆರೆಂಟು ವಾರ ದಿನಕ್ಕೆ ಎರಡು ಮೂರು ಪೊಟ್ಟಣ ತಿಂದರೆ ಬಹಳಷ್ಟು ಮಕ್ಕಳು ಮನೆಯಲ್ಲಿದ್ದೇ ಚೇತರಿಸಿಕೊಳ್ಳುತ್ತವೆ. ಇಂಥದನ್ನು ಲಕ್ಷಗಟ್ಟಲೆ ಕೊಂಡು, ಹಡಗಿಗೆ ಹಾಕಿ, ಎರಡೂ ಕಡೆಯ ಬಂದೂಕಿನವರ ಹತ್ತಿರ ಮಾತಾಡಿ ಒಳಗೆ ಒಯ್ಯುವುದು ಸಣ್ಣ ಸಂಸ್ಥೆಯ ಕೈಲಿ ಆಗುವ ಕೆಲಸವಲ್ಲ.

ಹಂಗೇ ಯುನಿಸೆಫ್‌ನ ‘ಪೆಟ್ಟಿಗೆಯೊಳಗಿನ ಶಾಲೆ’. ಒಬ್ಬ ಮಾಸ್ತರ, 40 ಮಕ್ಕಳಿಗೆ ಸಾಕಾಗುವಷ್ಟು ಪಾಟಿ, ಪೆನ್ಸಿಲ್, ವಹಿ ಒಂದು ಟ್ರಂಕಿನಲ್ಲಿ. ಮುಚ್ಚಳಕ್ಕೆ ಕಪ್ಪು ಬಣ್ಣ ಬಳಿದರೆ ಅದೇ ಕರಿಹಲಗೆ.

ಇನ್ನು ಕೊರತೆ. ಬಾಗಿಲು ಮುಚ್ಚಿದರೆ ದೊಡ್ಡವರೂ ಹೊರಗೇ ನಿಲ್ಲಬೇಕು. 2025ರ ಮಾರ್ಚ್ 2ರಿಂದ ಸುಮಾರು 11 ವಾರ ಇಸ್ರೇಲ್ ಗಾಜಾದೊಳಗೆ ನೆರವಿನ ಸಾಮಾನು ಬಿಡಲೇ ಇಲ್ಲ. ಲಾರಿಗಳು ಗಡಿಯಾಚೆ ಸಾಲಾಗಿ ನಿಂತವು. ಆ ದಿನಗಳಲ್ಲಿ ‘ಗಾಜಾಕ್ಕೇ’ ಎಂದು ಹಗ್ಗ ಕಟ್ಟಿ ಕೊಟ್ಟ ದುಡ್ಡಿನಿಂದ ಕೊಂಡ ಹಿಟ್ಟೂ ಆ ಸಾಲಿನಲ್ಲೇ ನಿಂತಿರಬೇಕು. ಕಟ್ಟಿಲ್ಲದ ದುಡ್ಡಾದರೆ ಅದೇ ದಿನ ಸುಡಾನಿನಲ್ಲಿ ಪೊಟ್ಟಣವಾಗಬಹುದಿತ್ತು. 2004ರ ಸುನಾಮಿಯಲ್ಲಿ ಇದು ತಲೆಕೆಳಗಾಗಿ ನಡೆದಿತ್ತು: ಕೆಲವೇ ದಿನದಲ್ಲಿ ಬೇಕಾದ್ದಕ್ಕಿಂತ ಹೆಚ್ಚು ಬಂತೆಂದು ಎಂಎಸ್ಎಫ್ ‘ಸುನಾಮಿಗೆ ಇನ್ನು ಸಾಕು’ ಎಂದು ಹೇಳಿ, ಕೊಟ್ಟವರ ಒಪ್ಪಿಗೆ ಕೇಳಿ ಉಳಿದದ್ದನ್ನು ಬೇರೆ ಕಡೆ ಬಳಸಿತು. ದಾನ ಬೇಡ ಎಂದ ಸಂಸ್ಥೆ! ನನಗೆ ಆ ಸಂಸ್ಥೆಯ ಮೇಲೆ ನಂಬಿಕೆ ಬಂದದ್ದು ಆಗ.

ಇನ್ನೊಂದು ಮಾತು, ಇದನ್ನು ಓದದೇ ಬಟನ್ ಒತ್ತಬೇಡಿ. ಜಾಗತಿಕ ಹೆಸರಿನ ಸಂಸ್ಥೆಗಳ ಭಾರತದ ಶಾಖೆಗೆ ಕೊಟ್ಟದ್ದು ಬಹಳ ಸಲ ಭಾರತದ ಮಕ್ಕಳಿಗೇ ಖರ್ಚಾಗುತ್ತದೆ. ತಪ್ಪಲ್ಲ, ಅದೂ ಒಳ್ಳೆಯದೇ. ಆದರೆ ನಿಮ್ಮ ಮನಸ್ಸಿನಲ್ಲಿ ಸುಡಾನ್ ಇದ್ದರೆ, ದುಡ್ಡು ಎಲ್ಲಿ ಬಳಕೆಯಾಗುತ್ತದೆ ಎಂದು ಆ ಪುಟದಲ್ಲೇ ಹುಡುಕಿ. ನೇರ ಹೊರದೇಶದ ಸಂಸ್ಥೆಗೆ ಕಳಿಸುವುದೂ ಕಾನೂನಿಗೆ ಒಪ್ಪಿದ್ದೇ: ರಿಸರ್ವ್ ಬ್ಯಾಂಕಿನ ಉದಾರೀಕೃತ ರವಾನೆ ಯೋಜನೆಯಡಿ ಒಬ್ಬರು ವರ್ಷಕ್ಕೆ 2,50,000 ಡಾಲರ್‌ವರೆಗೆ ಕಳಿಸಬಹುದು, ದಾನವೂ ಅದರಲ್ಲಿ ಸೇರಿದೆ. ಬ್ಯಾಂಕಿನಲ್ಲಿ ಎ2 ಫಾರ್ಮ್ ತುಂಬಬೇಕು, ದಾನಿಗೆ ಸಿಗುವ 80ಜಿ ತೆರಿಗೆ ರಿಯಾಯಿತಿ ಇದಕ್ಕೆ ಇಲ್ಲ, ಸಣ್ಣ ಮೊತ್ತಕ್ಕೆ ಬ್ಯಾಂಕಿನ ಶುಲ್ಕವೇ ಭಾರ. ವಿಶ್ವ ಆಹಾರ ಕಾರ್ಯಕ್ರಮ 2015ರಲ್ಲಿ ತಂದ ‘ಶೇರ್ ದ ಮೀಲ್’ ಆ್ಯಪ್ ಒಂದು ಮಗುವಿನ ಒಂದು ದಿನದ ಊಟದ ಲೆಕ್ಕದಲ್ಲಿ ಕೊಡಲು ಬಿಡುತ್ತದೆ. ಹೊರದೇಶಕ್ಕೆ ನಡೆಯುವ ಕಾರ್ಡ್ ಇದ್ದವರಿಗೆ ಅದು ಸಲೀಸು.

ಸುಡಾನಿನ ಓಣಿ ಓಣಿಗಳಲ್ಲಿ ಅಲ್ಲಿಯ ಯುವಕರೇ ಕಟ್ಟಿಕೊಂಡ ‘ತುರ್ತು ಸ್ಪಂದನಾ ಕೋಣೆ’ಗಳಿವೆ. ನಮ್ಮ ಸಿದ್ಧಾರೂಢ ಮಠದ ದಾಸೋಹ ನೋಡಿದವರಿಗೆ ಹೊಸದಾಗಿ ವಿವರಿಸಬೇಕಿಲ್ಲ: ದೊಡ್ಡ ಬೋಗುಣಿ, ಸಾಲು, ಬಂದವರಿಗೆಲ್ಲ ಊಟ. ವ್ಯತ್ಯಾಸ ಇಷ್ಟೇ, ಅಲ್ಲಿ ತಲೆಯ ಮೇಲೆ ಡ್ರೋನ್ ಇರುತ್ತದೆ. ದೊಡ್ಡ ಸಂಸ್ಥೆಗಳು ತಲುಪಲಾರದ ಓಣಿಗೆ ಇವರು ತಲುಪಿದ್ದಾರೆ. ಹುಬ್ಬಳ್ಳಿಯಿಂದ ಅವರಿಗೆ ನೇರ ಕಳಿಸುವುದು ಕಷ್ಟ. ಸ್ಥಳೀಯ ಗುಂಪುಗಳಿಗೆ ಪಾಲು ಕೊಡುವ ದೊಡ್ಡ ಸಂಸ್ಥೆಯನ್ನು ಹುಡುಕುವುದೇ ದಾರಿ.

ನಮ್ಮದೇ ದೇಶದ ಗಾಯಗಳು

ದೂರದ್ದು ಕಂಡಷ್ಟು ಹತ್ತಿರದ್ದು ಕಾಣುವುದಿಲ್ಲ. ಮಣಿಪುರದಲ್ಲಿ ಕಣಿವೆಯ ಮೈತೇಯಿ, ಗುಡ್ಡದ ಕುಕಿ ಸಮುದಾಯಗಳ ನಡುವೆ 2023ರ ಮೇ 3ರಿಂದ ನಡೆದ ಹಿಂಸೆಯಲ್ಲಿ 250ಕ್ಕೂ ಹೆಚ್ಚು ಜನ ಸತ್ತರು, ಸುಮಾರು 60,000 ಜನ ಮನೆ ಬಿಟ್ಟರು. ಪರಿಹಾರ ಶಿಬಿರದಲ್ಲೇ ಅಂಬೆಗಾಲಿಟ್ಟು ನಡೆಯಲು ಕಲಿತ ಮಕ್ಕಳಿದ್ದಾರೆ. ಅಲ್ಲಿಗೆ ಕೊಡುವವರಿಗೆ ನನ್ನದು ಒಂದೇ ಪ್ರಶ್ನೆ. ಆ ಸಂಸ್ಥೆಯವರನ್ನು ಕೇಳಿ: ‘ಕಣಿವೆಯಲ್ಲೂ ಗುಡ್ಡದಲ್ಲೂ ಕೆಲಸ ಮಾಡ್ತೀರೇನು? ಮಾಡದಿದ್ದರೆ ಯಾಕೆ?’ ಒಂದೇ ಕಡೆ ಇರುವುದಕ್ಕೆ ಆಚೆ ಹೋಗಲು ಬಿಡುವುದಿಲ್ಲ ಎಂಬ ಪ್ರಾಮಾಣಿಕ ಕಾರಣ ಇರಬಹುದು. ಉತ್ತರ ತೇಲಿಸಿದರೆ ಮಾತ್ರ ನಾನು ಹಿಂದೆ ಸರಿಯುತ್ತೇನೆ.

ಕಾಶ್ಮೀರಕ್ಕೆ ಬಂದರೆ, ಪುಣೆಯ ಅಧಿಕ್ ಕದಂ ಕಟ್ಟಿದ ಬಾರ್ಡರ್‌ಲೆಸ್ ವರ್ಲ್ಡ್ ಫೌಂಡೇಶನ್ ಕುಪ್ವಾರಾದಲ್ಲಿ 2002ರಿಂದ ಅನಾಥ ಹೆಣ್ಣುಮಕ್ಕಳ ಮನೆ ನಡೆಸುತ್ತಿದೆ. ಇಂಥ ಸಂಸ್ಥೆಗೆ ಕೊಡುವ ಲಾಭ, ನಿಮ್ಮ ದುಡ್ಡು ಗುಂಪಿನಲ್ಲಿ ಕಳೆದುಹೋಗುವುದಿಲ್ಲ, ಫೋನ್ ಮಾಡಿದರೆ ಮನುಷ್ಯರು ಎತ್ತುತ್ತಾರೆ. ನಷ್ಟ, ಹುಡುಗಿ ಓದು ಮುಗಿಸುವ ತನಕ ಸಂಸ್ಥೆ ನಡೆಯಬೇಕು. ನಾಲ್ಕು ಜನ ದಾನಿಗಳು ಒಟ್ಟಿಗೆ ಕೈಬಿಟ್ಟರೆ ಹಾಸ್ಟೆಲ್ಲೇ ಅಲುಗಾಡುತ್ತದೆ. ಸಣ್ಣ ಸಂಸ್ಥೆಗೆ ಕೊಡುವವರು ಮೊತ್ತ ಸಣ್ಣದಾದರೂ ವರ್ಷ ತಪ್ಪಿಸಬಾರದು.

ಕೇಂದ್ರ ಗೃಹ ಸಚಿವಾಲಯದಡಿ 1992ರಲ್ಲಿ ಆದ ರಾಷ್ಟ್ರೀಯ ಕೋಮು ಸೌಹಾರ್ದ ಪ್ರತಿಷ್ಠಾನದ ಹೆಸರು ನಮ್ಮ ಕಡೆ ಯಾರಿಗೂ ಗೊತ್ತಿಲ್ಲ. ಕೋಮು, ಜಾತಿ, ಜನಾಂಗೀಯ ಹಿಂಸೆ ಅಥವಾ ಭಯೋತ್ಪಾದನೆಯಲ್ಲಿ ಅನಾಥರಾದ, ನಿರ್ಗತಿಕರಾದ ಮಕ್ಕಳ ಓದಿಗೆ ಅದು ನೆರವು ಕೊಡುತ್ತದೆ. ಇಲ್ಲಿಗೆ ಕೊಟ್ಟದ್ದಕ್ಕೆ 80ಜಿಯಲ್ಲಿ ಶೇ 100 ಕಡಿತ. ಸರ್ಕಾರಿ ವೇಗ, ಕಾಗದದ ಭಾಷೆ, ಯಾವ ಮಗುವಿಗೆ ಹೋಯಿತೆಂಬ ಚಿತ್ರ ನಿಮಗೆ ಬಾರದು. ಹಾವೇರಿಯ ಟೀಚರ್‌ಗೆ ನಾನು ಹೇಳಿದ್ದು ಇದನ್ನೇ. ಪ್ರತಿ ವರ್ಷ ನವೆಂಬರ್ 19ರಿಂದ 25ರವರೆಗೆ ಅವರ ಅಭಿಯಾನದ ವಾರ, 25ರಂದು ಧ್ವಜ ದಿನ. ಶಾಲೆಗಳಿಗೆ ಹೇಳಿ ಮಾಡಿಸಿದಂತಿದೆ. ಕರ್ಫ್ಯೂ ಅಂದರೇನೆಂದು ಕೋಮುಗಲಭೆ ಕಂಡ ಹುಬ್ಬಳ್ಳಿಯವರಿಗೆ ಯಾರೂ ಹೇಳಿಕೊಡಬೇಕಿಲ್ಲ. ಮಕ್ಕಳಿಗೆ ವಿಷಯ ತಿಳಿಸಲು ಗಾಜಾದ ಭೂಪಟವೇ ಬೇಕೆಂದಿಲ್ಲ. ಒಂದೇ ಷರತ್ತು ಹಾಕಿದೆ: ಯಾವ ಮಗು ಎಷ್ಟು ತಂದಿತೆಂದು ಬೋರ್ಡಿನ ಮೇಲೆ ಬರೆಯಬೇಡಿ.

ಸೈನಿಕರ ಮನೆಗಳಿಗೆ ಕೊಡಬೇಕೆನ್ನುವವರೂ ಇದ್ದಾರೆ. ಇಲ್ಲಿ ಒಂದು ಗೊಂದಲ ಪದೇ ಪದೇ ಆಗುತ್ತದೆ. 2017ರ ಏಪ್ರಿಲ್‌ನ ‘ಭಾರತ್ ಕೆ ವೀರ್’ ಪೋರ್ಟಲ್ ಸಿಆರ್‌ಪಿಎಫ್, ಬಿಎಸ್ಎಫ್‌ನಂಥ ಅರೆಸೇನಾ ಪಡೆಗಳ ಹುತಾತ್ಮರ ಕುಟುಂಬಕ್ಕೆ. ಭೂಸೇನೆ, ನೌಕಾಪಡೆ, ವಾಯುಪಡೆಯವರಿಗೆ 2022ರಲ್ಲಿ ಬಂದ ‘ಮಾ ಭಾರತಿ ಕೆ ಸಪೂತ್’. ಮೊದಲನೆಯದರಲ್ಲಿ ನೇರ ಕುಟುಂಬದ ಖಾತೆಗೇ ಹಾಕಬಹುದು, ಒಂದು ಕುಟುಂಬಕ್ಕೆ 15 ಲಕ್ಷದ ಮಿತಿ. ಟಿವಿಯಲ್ಲಿ ಬಂದ ಮನೆಗೆ ಮಾತ್ರ ಹಣ ಹರಿದು, ಬಾರದ ಮನೆ ಖಾಲಿ ಉಳಿಯಬಾರದೆಂದು ಈ ಮಿತಿ. ಎಲ್ಲರೂ ಕಲಿಯಬೇಕಾದ ಉಪಾಯ.

ಮುಂಡಗೋಡದ ಮಾತನ್ನೂ ಒಬ್ಬರು ಎತ್ತಿದರು. ಹುಬ್ಬಳ್ಳಿಯಿಂದ ಒಂದೂವರೆ ತಾಸಿನ ದಾರಿ, 1966ರಿಂದ ಟಿಬೆಟನ್ ನಿರಾಶ್ರಿತರ ವಸತಿ. ಅಲ್ಲೀಗ ತುರ್ತಿಲ್ಲ. ಆದರೆ ಕೊಡುವ ಮುಂಚೆ ಕಣ್ಣಾರೆ ನೋಡಬೇಕು, ಕೂತು ಕೇಳಬೇಕು ಎನ್ನುವ ಸ್ವಭಾವದವರಿಗೆ ಇದಕ್ಕಿಂತ ಹತ್ತಿರದ ಜಾಗ ಇಲ್ಲ.

ಮಗುವಿನ ಪ್ರಾಯೋಜಕತ್ವದ ಬಗ್ಗೆ ಚುಟುಕಾಗಿ: ಎಸ್ಒಎಸ್ ಮಕ್ಕಳ ಗ್ರಾಮಗಳು 1949ರಲ್ಲಿ ಆಸ್ಟ್ರಿಯಾದಲ್ಲಿ ಯುದ್ಧದ ಅನಾಥರಿಗಾಗಿ ಶುರುವಾದವು, ಭಾರತಕ್ಕೆ 1964ರಲ್ಲಿ ಬಂದವು. ತಿಂಗಳ ಕಂತು ಕಟ್ಟುವ ಶಿಸ್ತಿದ್ದವರಿಗೆ ಒಪ್ಪುತ್ತದೆ. ಮಗುವನ್ನು ನೋಡಲೇಬೇಕು, ಅದು ನನಗೆ ಪತ್ರ ಬರೆಯಲೇಬೇಕು ಎಂಬ ಹಟವಿದ್ದರೆ ಬೇಡ.

ಸಾಮಾನು ಕೊಡುವವರಿಗೆ ಒಂದು ಲಂಗದ ಕತೆ

2019ರ ಆಗಸ್ಟ್‌ನಲ್ಲಿ ಮಲಪ್ರಭೆ ಉಕ್ಕಿ ನರಗುಂದ ತಾಲ್ಲೂಕಿನ ಊರುಗಳು ಮುಳುಗಿದಾಗ ನಮ್ಮ ಓಣಿಯವರು ಒಂದು ಟೆಂಪೊ ತುಂಬ ಬಟ್ಟೆ ತುಂಬಿಕೊಂಡು ಹೋದೆವು. ಅದು ಯುದ್ಧವಲ್ಲ, ನೆರೆ. ಆದರೆ ಮನೆ ಬಿಟ್ಟು ಬಂದವರ ಅವಸ್ಥೆ ಎಲ್ಲ ಕಡೆ ಒಂದೇ. ಪರಿಹಾರ ಕೇಂದ್ರ ಮಾಡಿದ್ದ ಶಾಲೆಯ ಪಡಸಾಲೆಯಲ್ಲಿ ನಮಗಿಂತ ಮುಂಚೆ ಬಂದ ಗಂಟುಗಳು ಎದೆಯೆತ್ತರ ಬಿದ್ದಿದ್ದವು. ಮೇಲೊಂದು ಕೋಟು, ಮದುವೆಯದು. ಒಂಟಿ ಬೂಟು. ಮಳೆ ಇರಚಲು ಹೊಡೆದು ಕೆಳಗಿನ ಗಂಟು ಆಗಲೇ ವಾಸನೆ ಹಿಡಿದಿತ್ತು. ನಾನು ಹೆಮ್ಮೆಯಿಂದ ಸೀರೆ ಹಂಚುತ್ತಿದ್ದಾಗ ಒಬ್ಬ ಅಜ್ಜಿ ಸೀರೆ ಹಿಡಿದು ಹಂಗೇ ನಿಂತಳು. ಮೆಲ್ಲಗೆ ಕೇಳಿದಳು: ‘ಸೀರಿ ಕೊಟ್ಟಿ ಯಪ್ಪಾ. ಲಂಗಾ?’

ಇಡೀ ಟೆಂಪೊದಲ್ಲಿ ಒಂದು ಲಂಗ ಇರಲಿಲ್ಲ. ಲಂಗವಿಲ್ಲದೆ ಸೀರೆಯನ್ನು ಎಲ್ಲಿ ಸಿಗಿಸುವುದು ಎಂದು ತುಂಬಿದ ಗಂಡಸರಾದ ನಮಗೆ ಹೊಳೆದಿರಲೇ ಇಲ್ಲ. ಟೆಂಪೊದ ಬಾಡಿಗೆ, ಡೀಸೆಲ್ ಸೇರಿ ಆದ ಖರ್ಚಿನಲ್ಲಿ ನರಗುಂದದ ಪೇಟೆಯಲ್ಲೇ ಹೊಸ ಲಂಗ ಎಷ್ಟು ಬರುತ್ತಿದ್ದವೆಂದು ವಾಪಸ್ ಬರುವಾಗ ಲೆಕ್ಕ ಹಾಕಿದೆ. ಈಗ ಜಗತ್ತಿನ ನೆರವು ಸಂಸ್ಥೆಗಳು ಪೇಟೆ ನಡೆಯುವ ಕಡೆಯೆಲ್ಲ ಸಾಮಾನಿನ ಬದಲು ಕುಟುಂಬದ ಕೈಗೇ ರೊಕ್ಕ ಕೊಡುವುದು ಹೆಚ್ಚುತ್ತಿರುವುದಕ್ಕೆ ಕಾರಣ ಇದೇ: ಅವ್ವನಿಗೆ ಏನು ಬೇಕೆಂದು ಅವ್ವನಿಗೇ ಗೊತ್ತು.

ಆದರೂ ಬಟ್ಟೆಯನ್ನೇ ಕೊಡಬೇಕಿದ್ದರೆ, 1999ರಿಂದ ಬಟ್ಟೆಯನ್ನೇ ಕಸುಬು ಮಾಡಿಕೊಂಡ ಗೂಂಜ್‌ನಂಥವರನ್ನು ಮೊದಲು ಕೇಳಿ, ಆಮೇಲೆ ಗಂಟು ಕಟ್ಟಿ. ಅವರು ಬೇರ್ಪಡಿಸುತ್ತಾರೆ, ಹಳೆಯ ಹತ್ತಿ ಬಟ್ಟೆಯಿಂದ ಮುಟ್ಟಿನ ಪ್ಯಾಡನ್ನೂ ಹೊಲಿಸುತ್ತಾರೆ.

ಕ್ಯೂಆರ್ ಕೋಡ್ ಬಂದಾಗ

ವಾಟ್ಸಾಪ್‌ನಲ್ಲಿ ಅಳುವ ಮಗುವಿನ ವಿಡಿಯೋ, ಕೆಳಗೊಂದು ಕ್ಯೂಆರ್ ಕೋಡ್. ಹೊರದೇಶದ ಯುದ್ಧಕ್ಕೆಂದು ಇಲ್ಲಿಯ ಮಂಡಳಿ ದುಡ್ಡು ಎತ್ತುತ್ತಿದ್ದರೆ ಒಂದೇ ಮಾತು ಕೇಳಿ: ‘ಅಲ್ಲಿಗೆ ಹೆಂಗ ಕಳಸ್ತೀರಿ?’ ‘ನಮ್ಮ ಹತ್ರ ಎಫ್‌ಸಿಆರ್‌ಎ ಅದ’ ಅಂದರೆ ಅದು ಹೊರದೇಶದಿಂದ ದುಡ್ಡು ಪಡೆಯುವ ಕಾನೂನು, ಕಳಿಸುವುದಲ್ಲ. ಇಲ್ಲಿಯ ಧರ್ಮದತ್ತಿ ಟ್ರಸ್ಟ್ ಹೊರದೇಶದಲ್ಲಿ ಮಾಡಿದ ಖರ್ಚಿಗೆ ತೆರಿಗೆ ವಿನಾಯಿತಿ ಬೇಕಾದರೆ ಕೇಂದ್ರ ನೇರ ತೆರಿಗೆ ಮಂಡಳಿಯ ಒಪ್ಪಿಗೆ ಬೇಕು. ಇಷ್ಟು ಕೇಳಿದರೆ ಅರ್ಧ ಜನ ಗ್ರೂಪ್ ಬಿಟ್ಟು ಹೋಗುತ್ತಾರೆ. ಆನ್‌ಲೈನ್ ದೇಣಿಗೆ ವೇದಿಕೆಗಳಲ್ಲಿ ದುಡ್ಡು ಕಟ್ಟುವ ಮುನ್ನ ‘ಟಿಪ್’ ಕಾಲಂ ನೋಡಿ. ಒಮ್ಮೆ ನಾನು 2,000 ಕೊಡಲು ಹೋಗಿ, ತಾನೇ ಸೇರಿಕೊಂಡಿದ್ದ ಟಿಪ್ ಗಮನಿಸದೆ ಜಾಸ್ತಿ ಕಟ್ಟಿದ್ದೇನೆ. ಲೆಕ್ಕ ಬರೆಯುವವನ ಮಾನ ಹೋಯಿತು.

ತೆರಿಗೆ ವಿಷಯ ಬೇಗ ಮುಗಿಸುತ್ತೇನೆ. 80ಜಿ ಲಾಭ ಹಳೆಯ ತೆರಿಗೆ ಪದ್ಧತಿಯವರಿಗೆ ಮಾತ್ರ. 2,000 ರೂಪಾಯಿ ಮೀರಿದ ನಗದಿಗೆ ಸಿಗುವುದಿಲ್ಲ, ಬಟ್ಟೆ-ಅಕ್ಕಿಗೆ ಸಿಗುವುದಿಲ್ಲ. ಶೇ 50 ಕಡಿತದ ಟ್ರಸ್ಟಿಗೆ 10,000 ಕೊಟ್ಟು ನೀವು ಶೇ 20ರ ತೆರಿಗೆ ಹಂತದಲ್ಲಿದ್ದರೆ, ಆದಾಯದಿಂದ 5,000 ಕಳೆದು, ಉಳಿಯುವ ತೆರಿಗೆ ಸುಮಾರು 1,000 ರೂಪಾಯಿ. ಹೊಸ ಪದ್ಧತಿಯವರೂ ಸಂಸ್ಥೆಯ 80ಜಿ ನೋಂದಣಿ ನೋಡಿ, ದಾನ ಕೊಟ್ಟದ್ದಕ್ಕೆ ಸಂಸ್ಥೆ ಕೊಡುವ 10ಬಿಇ ಪ್ರಮಾಣಪತ್ರ ಕೇಳಿ. ಕೊಡಲು ತಡಕಾಡುವವರ ಲೆಕ್ಕ ಹೇಗಿರುತ್ತದೆಂದು ನನ್ನ ಮೇಜು ಬಲ್ಲದು.

ಹಂಗಾದ್ರ ಯಾರು ಎಲ್ಲಿ?

ಗೋಕುಲ ರೋಡಿನ ಹುಡುಗನಿಗೆ ಹೇಳಿದೆ: ತಿಂಗಳ 500 ಹಗ್ಗವಿಲ್ಲದ ದುಡ್ಡಾಗಿ ಒಂದು ದೊಡ್ಡ ಸಂಸ್ಥೆಗೆ ಹೋಗಲಿ. ತುರ್ತು ಬಂದ ದಿನ ಅವರ ಖಜಾನೆಯಲ್ಲಿ ಮೊದಲೇ ಇರುವ ದುಡ್ಡೇ ಮೊದಲು ಓಡುವುದು. ಪಗಾರ ಏರಿದಾಗ ಕಾಶ್ಮೀರದ ಸಣ್ಣ ಸಂಸ್ಥೆಗೆ ವರ್ಷಕ್ಕೊಂದು ಮೊತ್ತ ಸೇರಿಸು. ಎರಡನ್ನೂ ಈಗಲೇ ಶುರುಮಾಡಿ ಮೂರನೇ ತಿಂಗಳು ಎರಡನ್ನೂ ನಿಲ್ಲಿಸುವುದಕ್ಕಿಂತ ಇದು ವಾಸಿ. ಲಕ್ಷದ ಮೇಲೆ ಒಮ್ಮೆಲೇ ಕೊಡುವವರು ಅದನ್ನು ಮೂರು ವರ್ಷಕ್ಕೆ ಹಂಚಿ ಕೊಡಿ, ಎರಡನೇ ಕಂತಿಗೆ ಮುನ್ನ ಹಿಂದಿನ ವರ್ಷದ ಆಡಿಟ್ ವರದಿ ತರಿಸಿ ಓದಿ.

ಬೆಟಗೇರಿಯ ಅಕ್ಕಾರು ಎರಡು ಮೀಟಿಂಗ್ ಜಗಳಾಡಿದರು. ಅರ್ಧ ಮಂದಿ ಶೇಂಗಾ ಪೊಟ್ಟಣಕ್ಕೇ ಅಂಟಿಕೊಂಡರು, ಅರ್ಧ ಮಂದಿ ಕುಪ್ವಾರಾದ ಹುಡುಗಿಯರಿಗೆ. ಕಡೆಗೆ 10,000 ಪೊಟ್ಟಣದವರಿಗೆ ಒಮ್ಮೆಗೇ. ಉಳಿದ 8,000 ಹೆಣ್ಣುಮಕ್ಕಳ ಮನೆಗೆ, ಪ್ರತಿ ಜೂನ್‌ನಲ್ಲಿ ಅಷ್ಟೇ ಕೊಡುವುದೆಂದು ಠರಾವು ಪುಸ್ತಕದಲ್ಲಿ ಬರೆದರು. ಠರಾವು ಬರೆದದ್ದು ನನಗೆ ದುಡ್ಡಿಗಿಂತ ಹಿಡಿಸಿತು.

ಜವಳಿ ಸಾಲಿನ ಸಾಹುಕಾರರಿಗೆ ಗಂಟು ಮಾರಿ ರೊಕ್ಕ ಕೊಡಿ ಅಂದೆ. ಒಪ್ಪಲಿಲ್ಲ. ಅಪ್ಪನ ಕಾಲದಿಂದ ಬಟ್ಟೆ ಕೊಟ್ಟ ಮನೆತನ ಅವರದು. ಲಂಗದ ಕತೆ ಹೇಳಿದೆ. ಸ್ವಲ್ಪ ಹೊತ್ತು ಸುಮ್ಮನಿದ್ದು, ಹಿಂದಿನ ಕಪಾಟಿನಿಂದ ಪಾಪ್ಲಿನ್ ಥಾನ್ ಇಳಿಸುವಂತೆ ಹುಡುಗನಿಗೆ ಕೂಗಿದರು. ‘ಆ ಗೂಂಜಿನವರ್ನ ಕೇಳ್ರಿ, ಎಷ್ಟ ಬೇಕಂತ. ಹೊಲಿಸಿನ ಕೊಡ್ತೀನಿ. ಲಾಡಿ ಸುದ್ದಾ ಹಾಕಿ.’